ಹಳೆ ಜೀಪ್ ಟ್ರೇಲರ್: ಬಣ್ಣ ಆಮೇಲೆ, ಮೊದಲು ಚಾಸಿ ನೋಡಿ

ಬಳ್ಳಾರಿ, ಸಂಡೂರು ಕಡೆ ಹಳೆ ಜೀಪಿಗೆ ಟ್ರೇಲರ್ ಹುಡುಕ್ತಾ ಇದ್ದೀರಾ? ತೊಟ್ಟಿಯ ತಗಡು ತೂತಾಗಿದ್ದರೆ ಚಿಂತೆ ಬೇಡ, ವೆಲ್ಡಿಂಗ್‌ನವರು ಹೊಸದು ಕೂರಿಸಿಕೊಡುತ್ತಾರೆ. ಆದರೆ ಜೀಪಿನ ಹಿಂದಿನ ಕೊಂಡಿಗೆ ಸಿಕ್ಕಿಸುವ ಬಳೆ ಸವೆದಿದ್ದರೆ, ಅದರ ಬುಡದಲ್ಲಿ ಬಿರುಕಿದ್ದರೆ ಬಿಟ್ಟು ಬನ್ನಿ. ಅದಿರಿನ ಕೆಂಪು ದೂಳು ಚಾಸಿ ಸಂದಿಯಲ್ಲಿ ಕೂತಿದ್ದರೆ ತುಕ್ಕು ಯಾವುದು, ದೂಳು ಯಾವುದು ಗೊತ್ತಾಗಲ್ಲ, ಅದಕ್ಕೆ ಚಿಕ್ಕ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಇದ್ದರೆ ಠಣ್ ಅನ್ನುತ್ತೆ, ತುಕ್ಕು ತಿಂದ ಕಡೆ ಸದ್ದೇ ಸತ್ತಿರುತ್ತೆ. ಎರಡನೇ ಮಹಾಯುದ್ಧದ ಕಾಲು ಟನ್ ಟ್ರೇಲರಿಗೆ ವಿಲ್ಲಿಸ್ ಜೀಪಿನದೇ 6.00-16 ಟೈರು, ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತೆ. ಇದು ದೊಡ್ಡ ಅನುಕೂಲ ಅಲ್ವಾ! ಬೇರಿಂಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ತುಂಬಿ. ಕಚ್ಚಾ ದಾರಿಯಲ್ಲಿ 225 ಕೆಜಿಗಿಂತ ಜಾಸ್ತಿ ಹೇರಬೇಡಿ. ದುಡ್ಡು ಕೊಡುವ ಮುಂಚೆ ಟ್ರೇಲರಿನದೇ ಆರ್‌ಸಿ ಕೇಳಿ, ಜೀಪಿನದು ನಡೆಯಲ್ಲ.