ಸರ್ಕಾರವೇ ಅಪರಾಧಿಯಾದಾಗ: ಅಧ್ಯಯನಕ್ಕೆ ಇಳಿಯುವ ಬಗೆ

ಸರ್ಕಾರ ಎಸಗುವ ಅಪರಾಧವನ್ನು ಕುರಿತು ಪ್ರಬಂಧ ಬರೆಯಹೊರಟ ಬಳ್ಳಾರಿಯ ಸಮಾಜಶಾಸ್ತ್ರದ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ವ್ಯಾಖ್ಯೆಯದು. ಯಾವುದು ಅಪರಾಧವೆಂದು ಹೇಳುವ ಕಾನೂನನ್ನು ಮಾಡುವುದೇ ಪ್ರಭುತ್ವವಾದ್ದರಿಂದ, ಕಾನೂನೊಂದನ್ನೇ ಅಳತೆಗೋಲಾಗಿ ಹಿಡಿದರೆ ಆರೋಪಿಯ ಕೈಗೇ ತಕ್ಕಡಿ ಕೊಟ್ಟಂತಾಗುತ್ತದೆ. ಅಮೆರಿಕದ ಅಪರಾಧಶಾಸ್ತ್ರಜ್ಞ ವಿಲಿಯಂ ಚಾಂಬ್ಲಿಸ್ 1988ರಲ್ಲಿ, ಅಧಿಕಾರಿಗಳು ಹುದ್ದೆಯ ಕೆಲಸವೆಂದೇ ಮಾಡುವ ಕಾನೂನುಬಾಹಿರ ಕೃತ್ಯಗಳನ್ನು ಪ್ರಭುತ್ವ ಸಂಘಟಿತ ಅಪರಾಧವೆಂದು ಕರೆದರು. ಸ್ವಂತ ಜೇಬಿಗಿಳಿಸುವ ಲಂಚ ಅದರಲ್ಲಿ ಸೇರುವುದಿಲ್ಲ. ಅಪರಾಧಶಾಸ್ತ್ರಜ್ಞರಾದ ಪೆನ್ನಿ ಗ್ರೀನ್ ಮತ್ತು ಟೋನಿ ವಾರ್ಡ್ ಅವರದು ಮಾನವ ಹಕ್ಕುಗಳ ಉಲ್ಲಂಘನೆಯ ಅಳತೆಗೋಲು. ಯಾವುದನ್ನು ಆರಿಸಿಕೊಂಡಿರೆಂಬುದನ್ನು ಮೊದಲ ಪುಟದಲ್ಲೇ ತಿಳಿಸಿ.

ಉದಾಹರಣೆಗೆ ದೂರ ಹೋಗಬೇಕಿಲ್ಲ, ಅಕ್ರಮವಾಗಿ ಸಾಗಿದ ಸಂಡೂರಿನ ಕಬ್ಬಿಣದ ಅದಿರು ಇದೆ. ಈ ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತರ ವರದಿ 2011ರ ಜುಲೈನಲ್ಲಿ ಸಲ್ಲಿಕೆಯಾಯಿತು; ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಇವೆರಡೂ ಪ್ರಭುತ್ವದ ಅಂಗಗಳೇ ಎಂಬುದನ್ನು ಮರೆಯಬಾರದು. ಪ್ರಭುತ್ವಕ್ಕೆ ಒಂದೇ ಮುಖವೆಂದು ಬಗೆದವರ ಪ್ರಬಂಧ ಇಲ್ಲಿಯೇ ಎಡವುತ್ತದೆ. ಅಪರಾಧಶಾಸ್ತ್ರಜ್ಞರಾದ ಕ್ರೇಮರ್ ಮತ್ತು ಮೈಕಲೋವ್ಸ್ಕಿ ಅವರು ಕಂಪನಿ ಮತ್ತು ಸರ್ಕಾರ ಕೂಡಿ ಎಸಗುವ ಅಪರಾಧದಲ್ಲಿ ಸರ್ಕಾರ ತಾನೇ ಆರಂಭಿಸಿದ್ದನ್ನೂ ಕಣ್ಣುಮುಚ್ಚಿ ಬಿಟ್ಟದ್ದನ್ನೂ ಬೇರೆಬೇರೆಯಾಗಿ ಗುರುತಿಸುತ್ತಾರೆ. ನಮ್ಮ ಗಣಿ ಪ್ರಕರಣಕ್ಕೆ ಎರಡನೆಯದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಖಳನಾಯಕನನ್ನು ಹುಡುಕುವ ಬದಲು ಒಂದು ಲಾರಿಯ ಬೆನ್ನು ಹತ್ತಿ. ಗಣಿ ಇಲಾಖೆಯ ಪರ್ಮಿಟ್, ಅರಣ್ಯ ಇಲಾಖೆಯ ಪಾಸ್, ವೇಬ್ರಿಡ್ಜಿನ ಚೀಟಿ, ಚೆಕ್‌ಪೋಸ್ಟಿನ ನಮೂದು, ನಿಯಮದಂತೆ ಇಷ್ಟನ್ನೂ ದಾಟದೆ ಅದಿರು ಉತ್ತರ ಕನ್ನಡದ ಬೇಲೆಕೇರಿ ಬಂದರು ಮುಟ್ಟುವಂತಿರಲಿಲ್ಲ. ಪರ್ಮಿಟ್ಟಿನಲ್ಲಿ ಬರೆದ ಟನ್ನಿಗೂ ತೂಕದ ಚೀಟಿಯ ಟನ್ನಿಗೂ ಅಂತರವಿದ್ದರೆ, ಅದನ್ನು ನೋಡಬೇಕಾಗಿದ್ದ ಮೇಜು ಯಾವುದು, ಅಲ್ಲಿ ಸುಮ್ಮನಿರುವುದು ಹೇಗೆ ದಿನನಿತ್ಯದ ರೂಢಿಯಾಯಿತು ಎಂದು ಕೇಳಿ. ಸಮಾಜಶಾಸ್ತ್ರದ ಕೆಲಸ ಶುರುವಾಗುವುದು ಅಲ್ಲಿಂದ.

ಸಂದರ್ಶನದಲ್ಲಿ ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೋಹೆನ್ ಗುರುತಿಸಿದ ನಿರಾಕರಣೆಯ ಮೂರು ಬಗೆಗಳಿಗೆ ಕಿವಿಗೊಡಿ: ‘ಹಾಗೇನೂ ನಡೆದಿಲ್ಲ’; ‘ನಡೆದದ್ದು ಅದಲ್ಲ, ಬೇರೆ’; ‘ನಡೆದಿರಬಹುದು, ಅದರಿಂದ ನಮಗೇನು’. ಮೂರನೆಯದು ಕಚೇರಿಯ ಹೊರಗೆ, ಕೆಂಧೂಳು ಕುಡಿದ ಊರುಗಳಲ್ಲೂ ಕೇಳಿಬಂದೀತು, ಅದನ್ನೂ ಬರೆದುಕೊಳ್ಳಿ.

ದಾಖಲೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ; ಆದ್ದರಿಂದ ಪರ್ಮಿಟ್ಟಿಗೊಂದು, ತೂಕದ ವಹಿಗೊಂದು ಅರ್ಜಿ ಬೇರೆಬೇರೆಯಾಗಿಯೇ ಇರಲಿ.