ಹಳೇ ಕಾರಿನ ಒರಿಜಿನಲ್ ಸಿಂಗಲ್ ಸ್ಟೇಜ್ ಪೇಂಟು ಉಳಿಸ್ಕೊಳ್ಳೋದು: ಮೊದಲು ಎಣ್ಣೆ, ಮೆಷಿನ್ ಆಮೇಲೆ

ಹಳೇ ಕಾರು ಸಿಕ್ಕಿದ ದಿನವೇ ಬಫಿಂಗ್ ಮೆಷಿನ್ ಕೈಗೆತ್ಕೊಳ್ಳೋ ಚಟ ನನಗೂ ಇತ್ತು, ಅದರ ಗುರುತು ಇವತ್ತಿಗೂ ಎಡಗಡೆ ಮಡ್ಗಾರ್ಡಿನ ಏಣಿನ ಮೇಲೆ ಇದೆ, ಬೆರಳುದ್ದದ ಒಂದು ಬೂದು ಗೆರೆ. ಅದು ಪ್ರೈಮರು, ಬಣ್ಣದ ಕೆಳಗೆ ಹಚ್ಚೋ ಪದರ. ಎಷ್ಟೋ ವರ್ಷ ಬಿಸಿಲು ಮಳೆ ತಡ್ಕೊಂಡಿದ್ದ ಫ್ಯಾಕ್ಟರಿ ಪೇಂಟನ್ನ ನಾನು ರೆಪ್ಪೆ ಹೊಡೆಯೋ ಅಷ್ಟ್ರಲ್ಲಿ ತೆಗೆದಿದ್ದೆ. ಅವತ್ತಿಂದ ನನ್ನ ಲೆಕ್ಕ ಇಷ್ಟೇ, ಮೊದಲು ಎಣ್ಣೆ, ಮೆಷಿನ್ ಆಮೇಲೆ, ಎಷ್ಟೋ ಸಲ ಮೆಷಿನ್ ಬೇಕೇ ಆಗಲ್ಲ.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರತ್ತೆ, ನಾವು ಪಾಲಿಶ್ ಮಾಡೋದು ಆ ಕ್ಲಿಯರನ್ನ, ಬಣ್ಣವನ್ನಲ್ಲ. ಅದು ಎಲ್ಲಾ ಕಡೆ ಹರಡಿದ್ದು 1980ರ ದಶಕದಲ್ಲಿ. ಅದಕ್ಕೂ ಹಿಂದೆ, 1920ರ ದಶಕದ ನೈಟ್ರೋಸೆಲ್ಯುಲೋಸ್ ಲ್ಯಾಕರಿನಿಂದ ಹಿಡಿದು ಎನಾಮೆಲ್, ಅಕ್ರಿಲಿಕ್ ಲ್ಯಾಕರ್ ತನಕ, ಹೆಚ್ಚಿನವು ಬಣ್ಣ ಹೊಳಪು ಎರಡೂ ಒಂದೇ ಪದರದಲ್ಲಿ ಇರೋ ಪೇಂಟುಗಳೇ, ಸಿಂಗಲ್ ಸ್ಟೇಜ್ ಅನ್ನೋದು ಇದನ್ನೇ. ಬಿಸಿಲಿಗೆ ಅದರೊಳಗಿನ ರೆಸಿನ್, ಅಂದ್ರೆ ಬಣ್ಣದ ಪುಡಿಯನ್ನ ಹಿಡಿದಿಡೋ ಅಂಟು, ಹಾಳಾಗಿ ಬಣ್ಣದ ಪುಡಿ ಮೇಲೆ ಸಡಿಲವಾಗಿ ಉಳ್ಕೊಳ್ಳತ್ತೆ, ಕೈ ಆಡಿಸಿದ್ರೆ ಸೀಮೆಸುಣ್ಣದ ಹಾಗೆ ಅಂಟತ್ತೆ. ಕೆಂಪು ಗುಲಾಬಿಗೆ ತಿರುಗತ್ತೆ, ಕಪ್ಪು ಬೂದಿಯಾಗತ್ತೆ.

ನಿಮ್ಮದು ಸಿಂಗಲ್ ಸ್ಟೇಜ್ ಹೌದೋ ಅಲ್ವೋ ಅಂತ ತಿಳ್ಕೊಳ್ಳೋಕೆ ಬಿಳಿ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಕಣ್ಣಿಗೆ ಬೀಳದ ಜಾಗದಲ್ಲಿ ಉಜ್ಜಿ, ಬಟ್ಟೆಗೆ ಕಾರಿನ ಬಣ್ಣ ಬಂತು ಅಂದ್ರೆ ಹೌದು. ಮೆಟಾಲಿಕ್ ಆದ್ರೆ ಬಣ್ಣದ ಬದಲು ಬೂದು ಕಪ್ಪು ಮಸಿ ಬರಬಹುದು, ಅದು ಅಲ್ಯೂಮಿನಿಯಂ ಚೂರು, ಮೋಸ ಹೋಗ್ಬೇಡಿ. ಲ್ಯಾಕರೋ ಎನಾಮೆಲ್ಲೋ ಅನ್ನೋ ಡೌಟಿದ್ರೆ ಡಿಕ್ಕಿ ಒಳಗಿನ ಮೂಲೇಲಿ ಲ್ಯಾಕರ್ ಥಿನ್ನರ್ ಒಂದು ಚುಕ್ಕೆ ಮುಟ್ಟಿಸಿ ನೋಡಿ, ಲ್ಯಾಕರ್ ಎಷ್ಟು ಹಳೇದಾದ್ರೂ ಕರಗತ್ತೆ. ಅದಕ್ಕೇ ಟಾರ್ ಕಲೆ ತೆಗೆಯೋಕೆ ಅಂತ ಲ್ಯಾಕರ್ ಮೇಲೆ ಥಿನ್ನರ್ ಹಾಕೋದು ಶುದ್ಧ ಹುಚ್ಚುತನ.

ಪೇಂಟ್ ದಪ್ಪ ಅಳೆಯೋ ಗೇಜ್ ಯಾರ ಹತ್ರನಾದ್ರೂ ಇದ್ರೆ ಇಸ್ಕೊಳ್ಳಿ. ಪ್ರೈಮರ್ ಸೇರಿ ಫ್ಯಾಕ್ಟರಿ ಪೇಂಟಿನ ದಪ್ಪ ಹೆಚ್ಚುಕಮ್ಮಿ ಒಂದು ಕಾಗದದ ಹಾಳೆಯಷ್ಟು, 100 ಮೈಕ್ರಾನ್ ಆಸುಪಾಸು. ಒಂದು ಕಡೆ ಏಕ್‌ದಮ್ ಐನೂರು ಆರುನೂರು ತೋರಿಸಿದ್ರೆ ಅಲ್ಲಿ ಪುಟ್ಟಿ ಇದೆ, ರೀಪೇಂಟ್ ಆಗಿದೆ ಅಂತ ಲೆಕ್ಕ. ಆದ್ರೆ ಗೇಜ್ ಒಟ್ಟು ದಪ್ಪ ಹೇಳತ್ತೆ ಅಷ್ಟೇ, ಪ್ರೈಮರ್ ಮೇಲೆ ಬಣ್ಣ ಎಷ್ಟು ಉಳಿದಿದೆ ಅಂತ ಹೇಳಲ್ಲ, ನನ್ನ ಮಡ್ಗಾರ್ಡ್ ಕೂಡ ಗೇಜಲ್ಲಿ ಚೆನ್ನಾಗೇ ಇತ್ತು!

ತುಂಬಾ ಹಳೇ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಇದೆ, ಮುಖ್ಯವಾಗಿ ಹಳದಿ, ಕೇಸರಿ, ಕೆಂಪಲ್ಲಿ. ಒಣಗಿದ ಪೇಂಟನ್ನ ಉಜ್ಜಿ ಧೂಳೆಬ್ಬಿಸ್ಬೇಡಿ, ಗ್ಲೌಸು ಮಾಸ್ಕು ಹಾಕ್ಕೊಳ್ಳಿ, ಈ ಕೆಲಸಕ್ಕೆ ಬಳಸಿದ ಬಟ್ಟೆಗಳನ್ನ ಮನೆ ಬಟ್ಟೆ ಜೊತೆ ಒಗೀಬೇಡಿ.

ತೊಳೆಯೋದಕ್ಕೆ ಮೃದುವಾದ ಕಾರ್ ಶಾಂಪೂ ಸಾಕು, ಜಿಡ್ಡು ಕೀಳೋ ಖಾರದ ಕೆಮಿಕಲ್ ಬೇಡ. ಕಾರು ನೆರಳಲ್ಲಿರ್ಲಿ, ತಗಡು ಮುಟ್ಟಿದ್ರೆ ತಣ್ಣಗಿರ್ಲಿ. ಕ್ಲೇ ಬಾರ್ (ಪೇಂಟಿಗೆ ಅಂಟಿದ ಕೊಳೆ ಎಳ್ಕೊಳ್ಳೋ ಜೇಡಿಮಣ್ಣಿನಂಥ ಮುದ್ದೆ) ಬೇಕಾದ್ರೆ ಚೆನ್ನಾಗಿ ನೀರು ಶಾಂಪೂ ಬಿಟ್ಟು ಹಗುರ ಕೈಯಲ್ಲಿ ಆಡಿಸಿ, ಒಣಕಲು ಪೇಂಟಿಗೆ ಅದು ಕಚ್ಕೊಂಡು ಎಳೆಯತ್ತೆ.

ಈಗ ಅಸಲಿ ಕೆಲಸ. ಉಜ್ಜೋ ಗುಣ ಇಲ್ಲದ, ಎಣ್ಣೆ ಜಾಸ್ತಿ ಇರೋ ಗ್ಲೇಜ್ ಅನ್ನೋ ಹೊಳಪಿನ ದ್ರವ ಬೇಕು, ನಾನು ಎಣ್ಣೆ ಅಂದಿದ್ದು ಇದನ್ನೇ, ಈ ಕೆಲಸಕ್ಕೆ ಹಳೇ ಕೈಗಳು ಹೆಸರು ಹೇಳೋದು ಮೆಗ್ವಯರ್ಸ್ ನಂಬರ್ 7. ಟರ್ಕಿ ಟವೆಲಿನ ತುಂಡನ್ನ ನಾಲ್ಕು ಮಡಿಕೆ ಮಾಡಿ, ಮೈಕ್ರೋಫೈಬರ್ ಬೇಡ, ಟರ್ಕಿಯ ಕುಣಿಕೆ ಕುಣಿಕೆ ನೂಲೇ ಸತ್ತ ಪದರವನ್ನ ನಿಧಾನಕ್ಕೆ ಎಬ್ಬಿಸೋದು. ಗ್ಲೇಜನ್ನ ಬಟ್ಟೆ ಮೇಲೆ ಧಾರಾಳವಾಗಿ ಸುರಿದು ಬಾನೆಟ್ಟಿನ ಕಾಲು ಭಾಗ ಮಾತ್ರ ತಗೊಂಡು ತಲೆಗೆ ಎಣ್ಣೆ ತಿಕ್ಕೋ ಹಾಗೆ ತಿಕ್ಕಿ, ಒಂದೆರಡು ನಿಮಿಷದಲ್ಲಿ ಬಟ್ಟೆ ಕಾರಿನ ಬಣ್ಣಕ್ಕೆ ತಿರುಗತ್ತೆ, ಕೈ ಕೆಳಗೆ ಮೊದಲು ಗರಗರ ಅಂತಿದ್ದದ್ದು ಜಾರೋಕೆ ಶುರುವಾಗತ್ತೆ, ಅದೇ ನಿಮಗೆ ಸೂಚನೆ. ಮಡಿಕೆ ಬದಲಾಯಿಸಿ, ಇನ್ನೊಂದು ಸುತ್ತು. ಆಮೇಲೆ ಒರೆಸಬೇಡಿ, ದಪ್ಪಗೆ ಒಂದು ಕೋಟ್ ಬಳಿದು ರಾತ್ರಿಯಿಡೀ ಹಾಗೇ ಬಿಟ್ಬಿಡಿ. ನೋಡೋಕೆ ಅಸಹ್ಯವಾಗಿರತ್ತೆ, ಮನೆಯವರು ಏನ್ರೀ ಇದು ಅಂತಾರೆ, ಅನ್ಲಿ ಬಿಡಿ.

ಬೆಳಿಗ್ಗೆ ಇನ್ನಷ್ಟು ಗ್ಲೇಜ್ ಹಾಕಿ ಒಣಗಿದ್ದನ್ನ ಸಡಿಲ ಮಾಡಿ ಆಮೇಲೆ ಮೆತ್ತನೆ ಬಟ್ಟೇಲಿ ಒರೆಸಿ. ಬೂದಿಯಾಗಿದ್ದ ಜಾಗದಲ್ಲಿ ಬಣ್ಣ ತಿರುಗಿ ಕಾಣೋಕೆ ಶುರುವಾಗಿರತ್ತೆ. ಎಣ್ಣೆ ಪೇಂಟಿಗೆ ಜೀವ ತುಂಬತ್ತೆ ಅಂತ ಕೆಲವರು ಹೇಳ್ತಾರೆ, ಅಷ್ಟೊಂದು ನಂಬ್ಬೇಡಿ, ಹಾಳಾದ ರೆಸಿನ್ ಹುಟ್ಟಲ್ಲ, ಎಣ್ಣೆ ಸಣ್ಣ ಸಣ್ಣ ಸಂದುಗಳನ್ನ ತುಂಬಿ ಬೆಳಕು ಚದುರದ ಹಾಗೆ ಮಾಡತ್ತೆ, ಮಳೆ ಬಿದ್ದ ಮಣ್ಣು ಗಾಢವಾಗಿ ಕಾಣೋದು ಹ್ಯಾಗೋ ಹಾಗೆ. ಜೊತೆಗೆ ಸತ್ತ ಪುಡಿ ಜಾರಿ ಹೊರಗೆ ಬರತ್ತೆ, ಅದೂ ಕಡಿಮೆ ಲಾಭ ಅಲ್ಲ. ತುಂಬಾ ಒಣಗಿದ್ರೆ ಇನ್ನೊಂದು ರಾತ್ರಿ. ಗ್ಲೇಜ್ ಬದಲು ಅಗಸೆ ಎಣ್ಣೆ ಬಳಿಯೋರೂ ಇದ್ದಾರೆ, ಅದು ಅಂಟಾಗಿ ಧೂಳು ಹಿಡಿಯತ್ತೆ, ಆ ಬಟ್ಟೆ ಉಂಡೆ ಮಾಡಿ ಮೂಲೆಗೆ ಎಸೆದ್ರೆ ತಾನಾಗೇ ಬಿಸಿಯಾಗಿ ಹೊತ್ಕೊಳ್ಳೋ ಅಪಾಯನೂ ಇದೆ. ಬೇಡವೇ ಬೇಡ.

ಇಷ್ಟಾದ ಮೇಲೂ ಗೀರು, ಮಂಕು ಉಳಿದಿದ್ರೆ ಮಾತ್ರ ಮೆಷಿನ್. ಡ್ಯುಯಲ್ ಆಕ್ಷನ್ ಮೆಷಿನ್ (ಪ್ಯಾಡ್ ಸುತ್ತುತ್ತಾ ಅತ್ತಿತ್ತ ಅಲುಗಾಡೋ ಥರದ್ದು), ಮೆತ್ತನೆ ಫೋಮ್ ಪ್ಯಾಡ್, ಅತ್ಯಂತ ನಯದ ಪಾಲಿಶ್, ಮೊದಲು ಅರ್ಧ ಮೊಳದ ಜಾಗದಲ್ಲಿ ಟೆಸ್ಟ್. ಏಣು, ಬಾಗಿಲಂಚು, ಮಡಿಕೆ ಗೆರೆಗಳ ಮೇಲೆಲ್ಲ ಮಾಸ್ಕಿಂಗ್ ಟೇಪ್ ಕಡ್ಡಾಯ, ಪೇಂಟು ತೆಳ್ಳಗಿರೋದು ಅಲ್ಲೇ. ಪ್ಯಾಡ್ ಬೇಗ ಬಣ್ಣ ಕುಡಿದು ಕಟ್ಕೊಳ್ಳತ್ತೆ, ಪ್ರತಿ ಸೆಕ್ಷನ್ನಿಗೂ ಬ್ರಷ್ ಹಾಕಿ ಉಜ್ಜಿ, ಒಂದಕ್ಕೆ ನಾಲ್ಕು ಪ್ಯಾಡ್ ಇಟ್ಕೊಳ್ಳಿ. ಬಣ್ಣದೊಳಗಿಂದ ಬೇರೆ ಛಾಯೆ ಇಣುಕಿತು ಅಂದ್ರೆ ತಕ್ಷಣ ನಿಲ್ಲಿಸಿ, ಇನ್ನೊಂದೇ ಒಂದು ಸುತ್ತು ಅನ್ನೋ ಆಸೆಯಿಂದಲೇ ನನ್ನದು ಹೋಗಿದ್ದು. ಮೆಟಾಲಿಕ್ಕಿಗೆ ಇದರಲ್ಲಿ ಅರ್ಧ ಮಾಡಿ, ಅಲ್ಯೂಮಿನಿಯಂ ಚೂರುಗಳು ಬಣ್ಣದ ಪದರದಲ್ಲೇ ಇರೋದ್ರಿಂದ ಜಾಸ್ತಿ ಉಜ್ಜಿದ್ರೆ ತೇಪೆ ಹಾಕಿದ ಹಾಗೆ ಕಾಣತ್ತೆ. ಲ್ಯಾಕರಲ್ಲಿ ಕೆರೆ ಮಣ್ಣು ಬಿರಿದ ಹಾಗೆ ಬಿರುಕು ಬಂದಿದ್ರೆ ಯಾವ ಪಾಲಿಶಿಂದಲೂ ಹೋಗಲ್ಲ, ಆ ಬಿರುಕಿಗೆ ಬಿಳಿ ಪಾಲಿಶ್ ತುಂಬಿದ್ರೆ ಇನ್ನೂ ಎದ್ದು ಕಾಣತ್ತೆ, ಅಲ್ಲಿಗೆ ಎಣ್ಣೆ ಗ್ಲೇಜ್ ಮಾತ್ರ.

ಗ್ಲೇಜ್ ಮೇಲೆ ವ್ಯಾಕ್ಸ್ ಹಾಕ್ಲೇಬೇಕು, ಇಲ್ಲಾಂದ್ರೆ ಎರಡು ಸಲ ತೊಳೆದ್ರೆ ಎಣ್ಣೆ ಹೋಯ್ತು. ಕಾರ್ನೌಬಾ ವ್ಯಾಕ್ಸ್ ತೆಳ್ಳಗೆ, ಎರಡು ಕೋಟ್. ನೀರು ಮಣಿಯಾಗಿ ನಿಲ್ಲೋದು ಕಡಿಮೆಯಾದಾಗ ಮತ್ತೆ ಹಾಕಿ, ಕಾರು ಬಿಸಿಲಲ್ಲೇ ನಿಲ್ಲೋದಾದ್ರೆ ಇನ್ನೂ ಬೇಗ. ವ್ಯಾಕ್ಸ್ ಒರೆಸುವಾಗ ಬಟ್ಟೆಗೆ ಸ್ವಲ್ಪ ಬಣ್ಣ ಬಂದ್ರೆ ಗಾಬರಿ ಬೇಡ, ಕ್ಲಿಯರ್ ಕೋಟ್ ಇಲ್ಲದ ಪೇಂಟು ಅಲ್ವಾ. ಗೀಚಿ ತೆಗೆದಷ್ಟು ದಟ್ಟವಾಗಿ ಬಂದ್ರೆ ಮಾತ್ರ ಸತ್ತ ಪದರ ಇನ್ನೂ ಉಳಿದಿದೆ ಅಂತ ಅರ್ಥ, ಟರ್ಕಿ ಟವೆಲ್ ಮತ್ತೆ ಆಚೆ ತೆಗೀರಿ.