ಚಿಟಿಕೆ ರಂಗೋಲಿ ಪುಡಿಯಿಂದ ಗಿಂಪ್ ಬ್ರಷ್

ಹಬ್ಬದ ಶುಭಾಶಯದ ಚಿತ್ರಗಳಲ್ಲಿ ರಂಗೋಲಿ ಇರುತ್ತದೆ, ಪುಡಿ ಇರುವುದಿಲ್ಲ. ಎಳೆಗಳೆಲ್ಲ ನುಣ್ಣಗೆ, ಒಂದೇ ದಪ್ಪಕ್ಕೆ, ತಂತಿ ಬಗ್ಗಿಸಿಟ್ಟಂತೆ. ಅಂಗಳದ ಎಳೆ ಹಾಗಿರುವುದಿಲ್ಲ. ಬೆರಳ ಸಂದಿಯಿಂದ ಉದುರಿದ ಪುಡಿ ನಡುವೆ ದಟ್ಟವಾಗಿ, ಅಂಚಿನಲ್ಲಿ ಚದುರಿ, ಕೈ ತಡೆದಲ್ಲಿ ಗುಪ್ಪೆಯಾಗಿ ಬೀಳುತ್ತದೆ. ಆ ಚದುರಿದ ಅಂಚೇ ನನಗೆ ರಂಗೋಲಿ. ತಯಾರಿ ಬ್ರಷ್‌ಗಳಲ್ಲಿ ಅದು ಸಿಗದೆ, ಪುಡಿಯನ್ನೇ ಬ್ರಷ್ ಮಾಡಿಕೊಂಡೆ. ಬೇಕಾದದ್ದು ಒಂದು ಕಪ್ಪು ಡ್ರಾಯಿಂಗ್ ಶೀಟ್, ಮೊಬೈಲ್ ಕ್ಯಾಮೆರಾ ಮತ್ತು ಉಚಿತವಾಗಿ ಸಿಗುವ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ.

ಮೊದಲು ಒಂದು ಮಾತು ತಿಳಿದಿರಲಿ. ಕಂಪ್ಯೂಟರ್ ಬ್ರಷ್ ಅಂದರೆ ಒಂದು ಮೊಹರು. ನೀವು ಗೆರೆ ಎಳೆದಾಗ ಅದು ಆ ಮೊಹರನ್ನು ಸಾಲಾಗಿ, ಒತ್ತೊತ್ತಾಗಿ ಒತ್ತುತ್ತಾ ಹೋಗುತ್ತದೆ, ಅಷ್ಟೇ. ಆದ್ದರಿಂದ ಇಡೀ ಎಳೆಯ ಫೋಟೋ ಬೇಡ; ಒಂದು ಚಿಟಿಕೆ ಪುಡಿ ಬಿದ್ದ ಗುರುತು ಸಾಕು.

ಪುಡಿ ಉದುರಿಸಿ, ಫೋಟೋ ತೆಗೆಯಿರಿ

ಕಪ್ಪು ಶೀಟನ್ನು ನೆಲಕ್ಕೆ ಹಾಸಿ, ಅಂಗಳದಲ್ಲಿ ಚುಕ್ಕಿ ಇಡುವಷ್ಟೇ ಎತ್ತರದಿಂದ ಏಳೆಂಟು ಕಡೆ ಚಿಟಿಕೆ ಬಿಡಿ. ಒಂದಕ್ಕೊಂದು ತಾಗದಷ್ಟು ದೂರವಿರಲಿ. ಕಲ್ಲಿನ ಪುಡಿಯಾದರೆ ಕಾಳು ಕಾಳಾಗಿ ಕಾಣುತ್ತದೆ; ಅಕ್ಕಿ ಹಿಟ್ಟು ಮೆತ್ತಗೆ ಮಂಜಿನಂತೆ ಬರುತ್ತದೆ. ಕಿಟಕಿಯ ಬಳಿ ನೆರಳಿನ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಮೊಬೈಲನ್ನು ನೆಟ್ಟಗೆ ಮೇಲಿನಿಂದ ಹಿಡಿದು ಚಿತ್ರ ತೆಗೆಯಿರಿ.

ಬಿಳಿಯನ್ನು ಕಪ್ಪು ಮಾಡಿ

ಗಿಂಪ್‌ನಲ್ಲಿ ಫೋಟೋ ತೆರೆದು ಇಮೇಜ್ ಮೆನುವಿನ ಮೋಡ್‌ನಲ್ಲಿ ಗ್ರೇಸ್ಕೇಲ್ (ಬರೀ ಕಪ್ಪು, ಬಿಳಿ, ಬೂದು) ಆರಿಸಿ. ನಂತರ ಕಲರ್ಸ್ ಮೆನುವಿನಲ್ಲಿ ಇನ್ವರ್ಟ್. ಈಗ ಪುಡಿ ಕಪ್ಪಾಗುತ್ತದೆ, ಕಾಗದ ಬೆಳ್ಳಗಾಗುತ್ತದೆ. ಹೀಗೇಕೆ ಅಂದರೆ, ಗ್ರೇಸ್ಕೇಲ್ ಬ್ರಷ್‌ನಲ್ಲಿ ಕಪ್ಪು ಇದ್ದಲ್ಲಿ ಬಣ್ಣ ಬೀಳುತ್ತದೆ, ಬಿಳಿ ಇದ್ದಲ್ಲಿ ಏನೂ ಬೀಳುವುದಿಲ್ಲ, ಬೂದು ಇದ್ದಲ್ಲಿ ತೆಳುವಾಗಿ ಬೀಳುತ್ತದೆ. ಇನ್ವರ್ಟ್ ಮರೆತರೆ ಪುಡಿಯ ಬದಲು ಕಾಗದವೇ ಬ್ರಷ್ ಆಗುತ್ತದೆ.

ಮುಂದಿನ ಹೆಜ್ಜೆಯಲ್ಲಿ ಅವಸರ ಬೇಡ. ಕಪ್ಪು ಕಾಗದ ಕ್ಯಾಮೆರಾಕ್ಕೆ ಪೂರ್ತಿ ಕಪ್ಪಲ್ಲ. ಹಾಗಾಗಿ ತಿರುಗಿಸಿದ ಮೇಲೂ ಹಿನ್ನೆಲೆಯಲ್ಲಿ ತಿಳಿ ಬೂದು ಉಳಿದಿರುತ್ತದೆ. ಕಣ್ಣಿಗೆ ಅದು ಬಿಳಿಯೆಂದೇ ತೋರುತ್ತದೆ. ಹಾಗೆಯೇ ಬ್ರಷ್ ಮಾಡಿದರೆ ಪ್ರತಿ ಒತ್ತಿಗೂ ಪುಡಿಯ ಸುತ್ತ ಮಸುಕು ಚೌಕ ಮೂಡುತ್ತದೆ. ನನ್ನ ಮೊದಲ ಬ್ರಷ್ ಹೀಗೇ ಕೆಟ್ಟಿತು. ಕಲರ್ಸ್‌ನಲ್ಲಿ ಲೆವೆಲ್ಸ್ ತೆರೆದು, ಬಲ ತುದಿಯ ಬಿಳಿ ತ್ರಿಕೋನವನ್ನು ಹಿನ್ನೆಲೆ ಪೂರ್ತಿ ಬೆಳ್ಳಗಾಗುವವರೆಗೆ ಎಡಕ್ಕೆ ಎಳೆಯಿರಿ. ಆಮೇಲೆ ಕಲರ್ ಪಿಕರ್‌ನಿಂದ ಹಿನ್ನೆಲೆಯ ನಾಲ್ಕಾರು ಕಡೆ ಪರೀಕ್ಷಿಸಿ: 0ರಿಂದ 255ರ ಅಳತೆಯಲ್ಲಿ 255 ಬರಬೇಕು. 250 ಇದ್ದರೂ ಚೌಕ ಬಿಡುವುದಿಲ್ಲ. ತ್ರಿಕೋನವನ್ನು ತೀರಾ ಎಳೆದರೆ ಅಂಚಿನ ಸಣ್ಣ ಕಾಳುಗಳೇ ಮಾಯವಾಗುತ್ತವೆ, ನಮಗೆ ಬೇಕಾದದ್ದೇ ಅವು. ಮೊಂಡು ಕಲೆಗಳು ಉಳಿದರೆ ಬಿಳಿ ಬಣ್ಣದಿಂದ ಕೈಯಲ್ಲೇ ಒರೆಸಿ.

ಕತ್ತರಿಸಿ, ಉಳಿಸಿ

ಒಂದು ಚಿಟಿಕೆಯ ಸುತ್ತ ಚೌಕ ಆಯ್ದು, ನಾಲ್ಕೂ ಬದಿ ಸ್ವಲ್ಪ ಬಿಳಿ ಬಿಟ್ಟು ಕ್ರಾಪ್ ಮಾಡಿ. ಸ್ಕೇಲ್ ಇಮೇಜ್‌ನಲ್ಲಿ 300 ಪಿಕ್ಸೆಲ್‌ಗೆ ಇಳಿಸಿ. ಬ್ರಷ್ ಚಿಕ್ಕದು ಮಾಡಿದರೆ ತೊಂದರೆಯಿಲ್ಲ, ಹಿಗ್ಗಿಸಿದರೆ ಮಸುಕಾಗುತ್ತದೆ.

ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆಸ್ ಒತ್ತಿ, ಹೆಸರಿನ ಕೊನೆಗೆ ಡಾಟ್ ಜಿಬಿಆರ್ (.gbr) ಸೇರಿಸಿ. ಸ್ಪೇಸಿಂಗ್ ಕೇಳುತ್ತದೆ, ಸದ್ಯಕ್ಕೆ 25 ಕೊಡಿ. ಫೈಲನ್ನು ಗಿಂಪ್‌ನ ಬ್ರಷ್ ಫೋಲ್ಡರಿನಲ್ಲೇ ಇಡಬೇಕು. ಅದು ಎಲ್ಲಿದೆ ಎಂದು ಪ್ರಿಫರೆನ್ಸಸ್‌ನ ಫೋಲ್ಡರ್ಸ್ ಭಾಗ ತೋರಿಸುತ್ತದೆ. ಬ್ರಷ್ ಪಟ್ಟಿಯ ಕೆಳಗಿನ ರಿಫ್ರೆಶ್ ಗುಂಡಿ ಒತ್ತಿದರೆ ನಿಮ್ಮ ಚಿಟಿಕೆ ಪಟ್ಟಿಯಲ್ಲಿ ಬಂದು ಕೂರುತ್ತದೆ.

ಎಳೆಗೆ ಜೀವ ಬರುವುದು ಇಲ್ಲಿ

ಕೆಮ್ಮಣ್ಣಿನ ಬಣ್ಣದ ಹಾಳೆಯ ಮೇಲೆ ಬಿಳಿ ಆರಿಸಿ ಎಳೆದು ನೋಡಿ. ಒಂದೇ ಮೊಹರು ಒಂದೇ ದಿಕ್ಕಿಗೆ ಬೀಳುತ್ತಿರುವುದರಿಂದ ಎಳೆ ಹೆಣೆದ ಜಡೆಯಂತೆ ಕಾಣುತ್ತದೆ. ಇದನ್ನು ತಪ್ಪಿಸಲು, ಒತ್ತಿನಿಂದ ಒತ್ತಿಗೆ ಮೊಹರು ಹೇಗೆ ಬದಲಾಗಬೇಕೆಂದು ಹೇಳುವ ಪೇಂಟ್ ಡೈನಾಮಿಕ್ಸ್ ಕಿಟಕಿ ತೆರೆಯಿರಿ. ಗಿಂಪ್ ಕೊಟ್ಟಿರುವ ಡೈನಾಮಿಕ್ಸ್ ತಿದ್ದಲು ಬಿಡುವುದಿಲ್ಲ, ಹೊಸದೊಂದು ಮಾಡಿಕೊಂಡು, ಆಂಗಲ್ ಸಾಲಿನಲ್ಲಿ ರ‍್ಯಾಂಡಮ್ ಕೆಳಗಿನ ಚೌಕಕ್ಕೆ ಗುರುತು ಹಾಕಿ. ಈಗ ಪ್ರತಿ ಚಿಟಿಕೆಯೂ ಬೇರೆ ದಿಕ್ಕಿಗೆ ತಿರುಗಿ ಬೀಳುತ್ತದೆ. ಟೂಲ್ ಆಪ್ಷನ್ಸ್‌ನಲ್ಲಿ ಅಪ್ಲೈ ಜಿಟರ್ ಅನ್ನು ಅತಿ ಕಡಿಮೆ ಅಳತೆಗೆ ಇಟ್ಟರೆ ಕೈಯ ಸಣ್ಣ ನಡುಕವೂ ಸೇರುತ್ತದೆ. ಸ್ಪೇಸಿಂಗ್ ಎಂದರೆ ಬ್ರಷ್ಷಿನ ಅಗಲದ ಶೇಕಡಾ ಎಷ್ಟು ದೂರಕ್ಕೊಮ್ಮೆ ಮೊಹರು ಎಂಬ ಲೆಕ್ಕ: 10ಕ್ಕೆ ಇಳಿಸಿದರೆ ಕಾಳು ಮುಚ್ಚಿ ಸುಣ್ಣದ ಪಟ್ಟಿಯಾಗುತ್ತದೆ, 100ಕ್ಕೆ ಏರಿಸಿದರೆ ಬಿಡಿ ಗುಪ್ಪೆಗಳ ಸಾಲು. ನನಗೆ ಹಿಡಿಸಿದ್ದು 20ರಿಂದ 30ರ ನಡುವೆ.

ಇನ್ನೂ ಹಟವಿದ್ದರೆ ಆರು ಚಿಟಿಕೆಗಳನ್ನು ಒಂದೇ ಬ್ರಷ್‌ಗೆ ತುಂಬಬಹುದು. ಎಲ್ಲವನ್ನೂ 300 ಪಿಕ್ಸೆಲ್ ಚೌಕಗಳಾಗಿ ಉಳಿಸಿ, ಓಪನ್ ಆಸ್ ಲೇಯರ್ಸ್ ಮೂಲಕ ಒಂದೇ ಚಿತ್ರದಲ್ಲಿ ಆರು ಪದರ ಮಾಡಿ, ಪ್ರತಿ ಪದರದ ಆಲ್ಫಾ ಚಾನೆಲ್ (ಪಾರದರ್ಶಕತೆಯ ಮಾಹಿತಿ) ತೆಗೆದುಹಾಕಿ. ಡಾಟ್ ಜಿಐಎಚ್ (.gih) ಎಂದು ಎಕ್ಸ್‌ಪೋರ್ಟ್ ಮಾಡುವಾಗ ಸೆಲ್ ಸಂಖ್ಯೆ 6, ರ‍್ಯಾಂಕ್ 6, ಆಯ್ಕೆ ರ‍್ಯಾಂಡಮ್ ಎಂದು ಕೊಡಿ. ಒಂದು ಚಿಟಿಕೆ ಮಾಡಿದವರಿಗೆ ಆರು ಕಷ್ಟವಲ್ಲ, ಮಾಡಲೇಬೇಕು ಅನ್ನುತ್ತೇನೆ. ಉದ್ದನೆಯ ಎಳೆಯಲ್ಲೂ ಆಗ ಮೊಹರಿನ ಗುರುತು ಹತ್ತುವುದಿಲ್ಲ.

ಫೋಟೋಶಾಪ್ ಇರುವವರು ಕಪ್ಪು-ಬಿಳಿ ಮಾಡುವವರೆಗೆ ಇದನ್ನೇ ಅನುಸರಿಸಿ, ಎಡಿಟ್ ಮೆನುವಿನ ಡಿಫೈನ್ ಬ್ರಷ್ ಪ್ರಿಸೆಟ್ ಒತ್ತಿದರಾಯಿತು.

ಇನ್ನು ರಂಗೋಲಿ ಹಾಕಿ. ಒಂದೊಂದು ಕ್ಲಿಕ್ ಒಂದೊಂದು ಚುಕ್ಕಿ. ಸಿಮೆಟ್ರಿ ಪೇಂಟಿಂಗ್‌ನಲ್ಲಿ ಮಂಡಲ ಆರಿಸಿ 8 ಎಂದು ಕೊಟ್ಟರೆ, ಒಂದು ದಳ ಬರೆಯುವಷ್ಟರಲ್ಲಿ ಎಂಟು ದಳ ಅರಳುತ್ತವೆ. ಎಳೆ ರಂಗೋಲಿಯಾದರೆ ಒಪಾಸಿಟಿಯನ್ನು (ಬಣ್ಣದ ದಟ್ಟತೆಯನ್ನು) 80ಕ್ಕೆ ಇಳಿಸಿ, ಇನ್‌ಕ್ರಿಮೆಂಟಲ್‌ಗೆ ಗುರುತು ಹಾಕಿ, ಮೌಸ್ ಬಿಡದೆ ಚುಕ್ಕಿಗಳನ್ನು ಬಳಸಿ ಬನ್ನಿ. ಎಳೆ ತನ್ನನ್ನೇ ದಾಟಿದ ಕಡೆಯೆಲ್ಲ, ಅಂಗಳದಲ್ಲಿ ಆಗುವಂತೆಯೇ, ಪುಡಿ ಒಂದು ಪದರ ಹೆಚ್ಚು ಬಿದ್ದಿರುತ್ತದೆ.